ಓಹೋಸ್ ದೆಲ್ ಸಲಾದೊ (6893 ಮೀ.): ಜನವರಿಯಲ್ಲಿ ಹೋಗುವ ಯೋಜನೆ, ಗಾಳಿಯದೇ ಚಿಂತೆ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು, ಎಲ್ಲರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಬರುವ ಜನವರಿಯಲ್ಲಿ ಚಿಲಿ ದೇಶದ ಓಹೋಸ್ ದೆಲ್ ಸಲಾದೊ ಹತ್ತಬೇಕೆಂದು ಬಹಳ ಕಾಲದಿಂದ ಹಣ ಕೂಡಿಡುತ್ತಿದ್ದೇವೆ. ಜಗತ್ತಿನ ಅತಿ ಎತ್ತರದ ಜ್ವಾಲಾಮುಖಿ ಇದು. ಆಂಡೀಸ್ ಸಾಲಿನಲ್ಲಿ ಅಕಾಂಕಾಗುವಾ ಬಿಟ್ಟರೆ ಇದೇ ಎತ್ತರ. ನಾಲ್ವರೂ ಲಡಾಖಿನ ಕಾಂಗ್ ಯಾತ್ಸೆ-2 (6250 ಮೀ.) ಹತ್ತಿದ್ದೇವೆ. ಇಬ್ಬರು ಉತ್ತರಕಾಶಿಯಲ್ಲಿ ಪರ್ವತಾರೋಹಣದ ಬೇಸಿಕ್ ಕೋರ್ಸ್ ಮುಗಿಸಿದ್ದಾರೆ.

ನಮ್ಮ ಲೆಕ್ಕ ಹೀಗಿದೆ. ಕೊಪಿಯಾಪೊ ಊರಿನಲ್ಲಿ ಒಂದು ರಾತ್ರಿ. ಮರುದಿನ ಜೀಪಿನಲ್ಲಿ ನೇರವಾಗಿ ಲಗೂನಾ ವೆರ್ದೆ ಕೆರೆಯ ದಡ (4300 ಮೀ.), ಅಲ್ಲಿ ಎರಡು ರಾತ್ರಿ. ಆಮೇಲೆ ಅಟಕಾಮಾ ಶಿಬಿರ (5200 ಮೀ.), ಅಲ್ಲಿಯೂ ಎರಡು ರಾತ್ರಿ. ತೇಹೋಸ್ ಶಿಬಿರದಲ್ಲಿ (5830 ಮೀ.) ಒಂದು ರಾತ್ರಿ ಕಳೆದು ಮುಂಜಾವಿಗೆ ಮುಂಚೆ ಶಿಖರಕ್ಕೆ ಹೊರಡುವುದು. ರಜೆ ಇರುವುದೇ ಅಷ್ಟು. ಇಷ್ಟು ದಿನ ಸಾಕಾಗುತ್ತದೆಯೇ? ಓದಿದ ಕಡೆಯಲ್ಲೆಲ್ಲ ಗಾಳಿ, ಗಾಳಿ ಎಂದೇ ಬರೆದಿದ್ದಾರೆ. ಅದಕ್ಕೆ ಹೇಗೆ ಸಿದ್ಧರಾಗಬೇಕು? ಮಾರ್ಗದರ್ಶಿ ಇಲ್ಲದೆ ಹೋಗಬಹುದೇ? ಗೊತ್ತಿರುವವರು ದಯವಿಟ್ಟು ಹೇಳಿ.

ಕುಮಾರಪರ್ವತ
ಸಾಲದು. ಖಂಡಿತ ಸಾಲದು.

ಸಾಂತಿಯಾಗೊ ವಾಸಿ
ತುಂಗಾತೀರ ಅವರೇ, ಮೊದಲು ಆ ಎರಡನೆಯ ದಿನವನ್ನು ಹೊಡೆದುಹಾಕಿ. ಕೊಪಿಯಾಪೊ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಅಲ್ಲಿ ತಿಂಡಿ ಮುಗಿಸಿ ಸಂಜೆ ಲಗೂನಾ ವೆರ್ದೆಯಲ್ಲಿ ಟೆಂಟ್ ಹಾಕಿದರೆ ಒಂದೇ ಹಗಲಿನಲ್ಲಿ 3900 ಮೀಟರ್ ಏರಿದಂತೆ. ಈ ಪರ್ವತದ ದೊಡ್ಡ ಅಪಾಯ ಇದೇ. ಇಲ್ಲಿ ನಡೆಯಬೇಕಾಗಿಯೇ ಇಲ್ಲ, ಗಾಡಿ ಹೋಗುತ್ತದೆ. ಕಾಲಿಗೆ ಕೆಲಸವಿಲ್ಲದ ಕಾರಣ ದೇಹಕ್ಕೆ ಎಚ್ಚರಿಕೆಯೂ ಸಿಗುವುದಿಲ್ಲ. ಹಿಮಾಲಯದಲ್ಲಿ ಬೇಸ್ ಕ್ಯಾಂಪ್ ತಲುಪಲು ದಿನಗಟ್ಟಲೆ ನಡೆಯುತ್ತೀರಲ್ಲ, ಆ ನಡಿಗೆಯಲ್ಲಿಯೇ ಅರ್ಧ ಒಗ್ಗಿಕೊಂಡಿರುತ್ತೀರಿ. ಇಲ್ಲಿ ಆ ಅವಕಾಶವನ್ನು ನೀವೇ ಹಟ ಹಿಡಿದು ಮಾಡಿಕೊಳ್ಳಬೇಕು.

ಕೊಪಿಯಾಪೊದಿಂದ ಸಾನ್ ಫ್ರಾನ್ಸಿಸ್ಕೊ ಕಣಿವೆದಾರಿಗೆ ಹೋಗುವ ಅಂತರರಾಷ್ಟ್ರೀಯ ರಸ್ತೆಯಲ್ಲಿ ಮಾರಿಕುಂಗಾ ಉಪ್ಪಿನ ಬಯಲು ಸಿಗುತ್ತದೆ. ಅದರ ದಕ್ಷಿಣದ ತುದಿಯಲ್ಲಿ ಲಗೂನಾ ಸಾಂತಾ ರೋಸಾ ಎಂಬ ಕೆರೆ, ಎತ್ತರ 3700 ಮೀಟರ್‌ಗೆ ತುಸು ಮೇಲೆ. ಮೊದಲ ಕೆಲವು ರಾತ್ರಿ ಅಲ್ಲಿ ಉಳಿಯಿರಿ, ಸುತ್ತಲಿನ ಗುಡ್ಡಗಳನ್ನು ಹತ್ತಿ ಇಳಿಯಿರಿ. ಆಮೇಲೆ ಲಗೂನಾ ವೆರ್ದೆ. ಅಲ್ಲಿಂದ ಸೆರ್ರೊ ಸಾನ್ ಫ್ರಾನ್ಸಿಸ್ಕೊ (6018 ಮೀ.) ಹತ್ತಿ ಮರಳಿ ಕೆಳಗೆ ಬಂದು ಮಲಗಿ. ಅದು ಒಳ್ಳೆಯ ಪರೀಕ್ಷೆ. ಅಲ್ಲಿ ಏದುಸಿರು ಬಿಟ್ಟವರು ಓಹೋಸ್ ಕಡೆಗೆ ಅವಸರ ಮಾಡಬಾರದು.

ಇದಾದ ಮೇಲೆ ಅಟಕಾಮಾ, ತೇಹೋಸ್. ಕೊನೆಯಲ್ಲಿ ಗಾಳಿಗಾಗಿ ಬಿಡುವಿನ ದಿನಗಳು ಬೇಕೇ ಬೇಕು. ಎರಡು ವಾರಕ್ಕಿಂತ ಕಡಿಮೆ ಇಟ್ಟುಕೊಂಡು ಇಲ್ಲಿಗೆ ಬರಬೇಡಿ.

ಮೈಸೂರು ಓಟ
ಇದು ಅತಿಯಾದ ಹೆದರಿಕೆ ಎನಿಸುತ್ತದೆ. ನನಗೆ ಪರಿಚಯವಿರುವ ಇಬ್ಬರು ಜರ್ಮನ್ನರು ವಾರದೊಳಗೆ ಹತ್ತಿ ಇಳಿದಿದ್ದಾರೆ. ಇವರು ಈಗಾಗಲೇ 6250 ಮೀಟರ್ ನೋಡಿದವರು. ದೈಹಿಕ ತಯಾರಿ ಚೆನ್ನಾಗಿದ್ದರೆ, ವಾರಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಓಡುವವರಾದರೆ ಎಂಟು ದಿನ ಸಾಕು.

ಸಾಂತಿಯಾಗೊ ವಾಸಿ
ಆ ಜರ್ಮನ್ನರು ಅದಕ್ಕೆ ಮುಂಚೆ ಎಲ್ಲಿದ್ದರು ಎಂದು ಕೇಳಿ ನೋಡಿ. ಹೀಗೆ ಬೇಗ ಹತ್ತುವವರಲ್ಲಿ ಅನೇಕರು ಬೊಲಿವಿಯಾದಲ್ಲೋ ಅಕಾಂಕಾಗುವಾದಲ್ಲೋ ವಾರಗಟ್ಟಲೆ ಕಳೆದು ನೇರ ಇಲ್ಲಿಗೆ ಬಂದಿರುತ್ತಾರೆ. ಬೆಂಗಳೂರಿನ 900 ಮೀಟರ್‌ನಿಂದ ಬರುವವರಿಗೆ ಅವರ ಲೆಕ್ಕ ಅನ್ವಯಿಸುವುದಿಲ್ಲ.

ಡಾಕ್ಟರಮ್ಮ
ಮೈಸೂರು ಓಟ ಅವರೇ, ಈ ಮಾತನ್ನು ಹಾಗೆಯೇ ಬಿಡಲಾಗದು. ಎತ್ತರದ ಕಾಯಿಲೆಗೂ ಓಟದ ಸಾಮರ್ಥ್ಯಕ್ಕೂ ಸಂಬಂಧವಿಲ್ಲ. ಗಟ್ಟಿಮುಟ್ಟಾದವರು ವೇಗವಾಗಿ ಏರಬಲ್ಲರು, ಅದರಿಂದಲೇ ಬೇಗ ಕಾಯಿಲೆ ಬೀಳುವುದೂ ಉಂಟು. ಹಿಂದೊಮ್ಮೆ 6250 ಹತ್ತಿದ್ದೂ ರಕ್ಷಣೆ ಕೊಡುವುದಿಲ್ಲ. ಒಗ್ಗಿಕೊಂಡದ್ದು ಕೆಳಗೆ ಬಂದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ.

ಸಾಮಾನ್ಯವಾಗಿ ಪಾಲಿಸುವ ನಿಯಮವೆಂದರೆ, 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಇಲ್ಲಿನ ಶಿಬಿರಗಳ ನಡುವಿನ ಜಿಗಿತ ಅದಕ್ಕಿಂತ ದೊಡ್ಡದು. ಆದ್ದರಿಂದ ಒಂದೊಂದು ಶಿಬಿರದಲ್ಲಿ ಹೆಚ್ಚು ರಾತ್ರಿ ಕಳೆದು ಸರಿದೂಗಿಸಬೇಕು. ಸುಮಾರು 5500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ತೇಹೋಸ್ ಅದಕ್ಕಿಂತಲೂ ಮೇಲಿದೆ. ಅಲ್ಲಿ ಯಾರ ದೇಹವೂ ಚೇತರಿಸಿಕೊಳ್ಳುವುದಿಲ್ಲ, ದಿನದಿನಕ್ಕೂ ಸವೆಯುತ್ತದೆ. ತೇಹೋಸ್‌ನಲ್ಲಿ ಕಾಯುತ್ತ ಕೂರಬೇಡಿ. ಕಾಯುವುದಿದ್ದರೆ ಅಟಕಾಮಾದಲ್ಲಿ, ಸಾಧ್ಯವಾದರೆ ಲಗೂನಾ ವೆರ್ದೆಯಲ್ಲಿ ಕಾಯಿರಿ.

ಯಾರಾದರೂ ಮಂಕಾದರೆ, ಮಾತು ತೊದಲಿದರೆ, ನೆಲದ ಮೇಲೊಂದು ಗೆರೆ ಎಳೆದು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅದರ ಮೇಲೆ ನಡೆಯಲು ಹೇಳಿ. ವಾಲಿದರೆ ಅದು ಮೆದುಳಿನ ಊತದ ಸೂಚನೆ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಿರಿ. ಎರಡಕ್ಕೂ ಕೆಳಗಿಳಿಸುವುದೇ ಚಿಕಿತ್ಸೆ, ಆಗಲೇ, ರಾತ್ರಿಯಾದರೂ ಸರಿ. ಔಷಧಗಳು ಇಳಿಸುವವರೆಗಿನ ಆಸರೆ ಮಾತ್ರ.

ಚಾರಣಿ_ಶಿರಸಿ
ಮೇಡಂ, ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಮೊದಲೇ ಶುರುಮಾಡಬಹುದೇ?

ಡಾಕ್ಟರಮ್ಮ
ನಿಮ್ಮ ವೈದ್ಯರ ಸಲಹೆಯಿಲ್ಲದೆ ಬೇಡ. ಸಲ್ಫಾ ಔಷಧಗಳಿಗೆ ಅಲರ್ಜಿ ಇರುವವರು ಅದನ್ನು ಮೊದಲೇ ತಿಳಿಸಬೇಕು. ಇನ್ನೊಂದು ವಿಷಯ: ಆ ಮಾತ್ರೆ ತೆಗೆದುಕೊಂಡಾಗ ಬೆರಳ ತುದಿ ಜುಮುಗುಟ್ಟುತ್ತದೆ. ಚಳಿಯಲ್ಲಿ ಬೆರಳು ಮರಗಟ್ಟುವ ಮೊದಲ ಹಂತವೂ ಹಾಗೆಯೇ ಇರುತ್ತದೆ. ಮನೆಯಲ್ಲಿಯೇ ಒಂದೆರಡು ದಿನ ತೆಗೆದುಕೊಂಡು ನೋಡಿದರೆ ಆ ಜುಮುಗು ಹೇಗಿರುತ್ತದೆ ಎಂದು ಪರಿಚಯವಾಗುತ್ತದೆ, ಮೇಲೆ ಹೋದಾಗ ಗೊಂದಲವಿರುವುದಿಲ್ಲ.

ಮಾರುತ
ಗಾಳಿಯ ಬಗ್ಗೆ ಯಾರೂ ಉತ್ತರಿಸಿಲ್ಲ, ನಾನು ಪ್ರಯತ್ನಿಸುತ್ತೇನೆ. ಆ ಅಕ್ಷಾಂಶದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಚಳಿಗಾಲದಲ್ಲಿ ಅದರ ಅಬ್ಬರ ವಿಪರೀತ. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಮಾರ್ಚ್ ತನಕ, ಸ್ವಲ್ಪ ತಗ್ಗುತ್ತದೆ. ಜನವರಿಯನ್ನು ಆರಿಸಿಕೊಂಡದ್ದು ಸರಿಯಾಗಿದೆ. ಆದರೆ ಜನವರಿ, ಫೆಬ್ರುವರಿಯಲ್ಲಿ ಪೂರ್ವದಿಂದ ತೇವಾಂಶ ನುಗ್ಗಿ ಹಿಮ ಬೀಳುವುದೂ ಇದೆ. ಆ ಸೀಮೆಯವರು ಅದನ್ನು ಎತ್ತರದ ಬಯಲಿನ ಚಳಿಗಾಲ ಎಂದೇ ಕರೆಯುತ್ತಾರೆ.

ದಿನದೊಳಗೂ ಒಂದು ಕ್ರಮವಿದೆ. ನಸುಕಿನಲ್ಲಿ ಗಾಳಿ ಕಡಿಮೆ, ಬಿಸಿಲೇರಿದಂತೆ ಜೋರು, ಮಧ್ಯಾಹ್ನದ ಮೇಲೆ ಹುಚ್ಚು. ಅದಕ್ಕೇ ಎಲ್ಲರೂ ರಾತ್ರಿ ಮೂರು ನಾಲ್ಕರ ಹೊತ್ತಿಗೆ ತೇಹೋಸ್ ಬಿಡುವುದು.

ಮುನ್ಸೂಚನೆ ನೋಡುವಾಗ ಕೊಪಿಯಾಪೊ ಊರಿನ ಹವಾಮಾನ ನೋಡಿ ಪ್ರಯೋಜನವಿಲ್ಲ. ಗಾಳಿಯ ಒತ್ತಡ 500 ಹೆಕ್ಟೋಪಾಸ್ಕಲ್ ಇರುವ ಮಟ್ಟದ ಗಾಳಿಯ ನಕ್ಷೆ ತೆರೆಯಿರಿ. ಅದು ಸುಮಾರು 5800 ಮೀಟರ್, ಹೆಚ್ಚು ಕಡಿಮೆ ತೇಹೋಸ್‌ನ ಎತ್ತರವೇ. 400ರ ಮಟ್ಟ ಶಿಖರಕ್ಕಿಂತ ಮೇಲಿದೆ. ಶಿಖರದಲ್ಲಿ ಸಿಗುವ ಗಾಳಿ ಈ ಎರಡರ ನಡುವಿನದು. ಎರಡರಲ್ಲಿಯೂ ವೇಗ ಇಳಿಯುತ್ತಿರುವ ದಿನವನ್ನು ಹುಡುಕಿ. ನನ್ನ ಪ್ರಕಾರ ಗಂಟೆಗೆ 40 ಕಿಲೋಮೀಟರ್ ಒಳಗಿದ್ದರೆ ಹೊರಡಬಹುದು, 60 ದಾಟಿದರೆ ಮಲಗಿಯೇ ಇರಿ. ಉಷ್ಣತೆ -20 ಡಿಗ್ರಿ ಇದ್ದು 60 ಕಿಲೋಮೀಟರ್ ಗಾಳಿ ಸೇರಿದರೆ ಬರಿಯ ಚರ್ಮಕ್ಕೆ ತಾಗುವ ಚಳಿ ಸುಮಾರು -36 ಡಿಗ್ರಿಯಷ್ಟು.

ಭೌತಶಾಸ್ತ್ರ ಮೇಷ್ಟ್ರು
ಒಂದು ತಿದ್ದುಪಡಿ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧದಷ್ಟೇ. ತಳ್ಳುವ ಬಲ ಸಾಂದ್ರತೆಗೆ ಅನುಪಾತದಲ್ಲಿ, ವೇಗದ ವರ್ಗಕ್ಕೆ ಅನುಪಾತದಲ್ಲಿ ಇರುತ್ತದೆ. ಅಂದರೆ ಶಿಖರದ ಹತ್ತಿರದ 60 ಕಿಲೋಮೀಟರ್ ಗಾಳಿ ನಿಮ್ಮನ್ನು ತಳ್ಳುವುದು ಮಂಗಳೂರಿನ ಕಡಲ ತೀರದ 42 ಕಿಲೋಮೀಟರ್ ಗಾಳಿಯಷ್ಟೇ ಬಲದಿಂದ.

ಮಾರುತ
ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ ಅಲ್ಲಿ ಮನುಷ್ಯನ ಶಕ್ತಿಯೂ ಅರ್ಧಕ್ಕಿಂತ ಕಡಿಮೆಯಾಗಿರುತ್ತದಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯುವವನಿಗೆ 42ರ ಬಲವೂ ದೊಡ್ಡದೇ. ಜೊತೆಗೆ ಗಾಳಿ ಒಂದೇ ಸಮನೆ ಬೀಸುವುದಿಲ್ಲ. ಹೊಡೆತ ಬಂದಾಗ ಬಾಗಿ ನಿಲ್ಲುತ್ತೀರಿ, ತಟ್ಟನೆ ನಿಂತಾಗ ಮುಗ್ಗರಿಸುತ್ತೀರಿ. ಜನ ಬೀಳುವುದು ಆ ಕ್ಷಣದಲ್ಲಿ.

ಭೌತಶಾಸ್ತ್ರ ಮೇಷ್ಟ್ರು
ಅದು ನಿಜ. ಹೊಡೆತಗಳ ಬಗ್ಗೆ ಹೇಳಿದ್ದು ಮುಖ್ಯವಾದ ಮಾತು.

ಕಲ್ಲುಗುಡ್ಡ
ಟೆಂಟ್ ವಿಷಯ ಹೇಳುತ್ತೇನೆ, ಆ ಬಯಲಿನ ಗಾಳಿಯನ್ನು ಅಟಕಾಮಾ ಶಿಬಿರದಲ್ಲಿ ಅನುಭವಿಸಿದವನು ನಾನು. ನೆಲವೆಲ್ಲ ಜ್ವಾಲಾಮುಖಿಯ ಜಲ್ಲಿ ಮತ್ತು ಬೂದಿ. ಟೆಂಟಿನ ಜೊತೆ ಬರುವ ಗೂಟಗಳು ಅದರಲ್ಲಿ ನಿಲ್ಲುವುದಿಲ್ಲ, ಒಂದು ಎಳೆತಕ್ಕೆ ಕಿತ್ತು ಬರುತ್ತವೆ. ನಾಲ್ಕೈದು ಗಟ್ಟಿ ಚೀಲ ಒಯ್ಯಿರಿ. ಅವಕ್ಕೆ ಮರಳು, ಜಲ್ಲಿ ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಮೊಣಕಾಲಿನಷ್ಟು ಆಳದ ಗುಂಡಿಯಲ್ಲಿ ಹೂತು ಮೇಲೆ ಬಂಡೆ ಹೇರಿ. ಹಗ್ಗವನ್ನು ಚೂಪು ಕಲ್ಲಿಗೆ ನೇರವಾಗಿ ಸುತ್ತಿದರೆ ರಾತ್ರಿಯೆಲ್ಲ ಉಜ್ಜಿ ಉಜ್ಜಿ ಬೆಳಗಾಗುವುದರೊಳಗೆ ತುಂಡಾಗಿರುತ್ತದೆ. ಹಿಂದಿನವರು ಕಟ್ಟಿದ ಕಲ್ಲಿನ ಗೋಡೆಗಳಿವೆ, ಬೇಗ ತಲುಪಿದರೆ ಅವುಗಳ ಮರೆ ಸಿಗುತ್ತದೆ.

ಟೆಂಟನ್ನು ಹಾಕುವಾಗ ಮೊದಲು ಒಂದು ತುದಿಯನ್ನು ಕಟ್ಟಿ, ಆಮೇಲೆ ಚೀಲದಿಂದ ಉಳಿದದ್ದನ್ನು ಹೊರತೆಗೆಯಿರಿ. ಕೈಯಿಂದ ಹಾರಿದ ಟೆಂಟ್ ಮತ್ತೆ ಸಿಗುವುದಿಲ್ಲ. ಕೈಗವಸಿಗೂ ಇದೇ ಮಾತು: ಮಣಿಕಟ್ಟಿಗೆ ಎಲಾಸ್ಟಿಕ್ ದಾರ ಹೊಲಿಸಿಕೊಳ್ಳಿ. ಮೇಲೆ ಒಂದು ಕೈಗವಸು ಹಾರಿಹೋಯಿತೆಂದರೆ ಆ ಕೈಯ ಬೆರಳುಗಳ ಆಸೆ ಬಿಡಬೇಕಾಗುತ್ತದೆ. ಒಂದು ಜೊತೆ ಹೆಚ್ಚಿಗೆ ಇರಲಿ. ಜಿಪ್ಪುಗಳಿಗೆ ದೂಳು ತುಂಬಿ ಕಚ್ಚಿಕೊಳ್ಳುತ್ತದೆ, ಪ್ರತಿ ಸಂಜೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ರಾತ್ರಿ ಎರಡಕ್ಕೆ ಹೆಪ್ಪುಗಟ್ಟಿದ ಬೆರಳಿನಲ್ಲಿ ಜಿಪ್ಪಿನೊಡನೆ ಜಗ್ಗಾಡುವುದು ಯಾರಿಗೂ ಬೇಡ.

ಚಾರಣಿ_ಶಿರಸಿ
ಬ್ರಷ್ಷಿನ ಸಲಹೆ ಬರೆದಿಟ್ಟುಕೊಂಡೆ.

ಬಯಲುಸೀಮೆ
ಕೇಳುತ್ತೇನೆಂದು ಬೇಸರ ಮಾಡಿಕೊಳ್ಳಬೇಡಿ. ನಮ್ಮ ಹಿಮಾಲಯದಲ್ಲಿ ಆರು ಸಾವಿರ ಮೀಟರಿನ ಶಿಖರಗಳು ಲೆಕ್ಕವಿಲ್ಲದಷ್ಟಿವೆ. ಭೂಮಿಯ ಇನ್ನೊಂದು ಮಗ್ಗುಲಿಗೆ ಲಕ್ಷಗಟ್ಟಲೆ ಸುರಿದು ಹೋಗುವುದೇಕೆ? ಅದೇ ಹಣದಲ್ಲಿ ಲಡಾಖಿನಲ್ಲಿ ಮೂರು ಶಿಖರ ಹತ್ತಬಹುದು.

ತುಂಗಾತೀರ
ಬೇಸರವೇನಿಲ್ಲ. ಲಡಾಖ್ ನಮಗೆ ಪ್ರೀತಿಯ ಜಾಗ, ಮತ್ತೆ ಮತ್ತೆ ಹೋಗುತ್ತೇವೆ. ಆದರೆ ನಾಲ್ವರಲ್ಲಿ ಒಬ್ಬಳು ಭೂವಿಜ್ಞಾನ ಓದಿದವಳು, ಜ್ವಾಲಾಮುಖಿಗಳೆಂದರೆ ಅವಳಿಗೆ ಪ್ರಾಣ. ಹಿಮಾಲಯ ಎಷ್ಟೇ ಎತ್ತರವಿದ್ದರೂ ಅಲ್ಲಿ ಅವಳಿಗೆ ಬೇಕಾದ ಕಲ್ಲು ಸಿಗುವುದಿಲ್ಲ. ಈ ಯೋಜನೆ ಹುಟ್ಟಿದ್ದೇ ಅವಳಿಂದ.

ಕಪ್ಪುಶಿಲೆ
ಆ ಒಬ್ಬಳು ನಾನೇ. ಓಹೋಸ್‌ನ ಪೂರ್ವದ ಮೈಯಲ್ಲಿ ಸುಮಾರು 6390 ಮೀಟರ್ ಎತ್ತರದಲ್ಲಿ ಜ್ವಾಲಾಮುಖಿಯ ಕುಂಡದಲ್ಲಿ (ಕ್ರೇಟರ್) ಒಂದು ಕೊಳವಿದೆ. ಜಗತ್ತಿನ ಅತಿ ಎತ್ತರದ ಕೆರೆ ಎಂದು ಅದನ್ನು ಹೇಳುತ್ತಾರೆ. ಮಳೆಯೇ ಇಲ್ಲದ ಅಟಕಾಮಾ ಮರುಭೂಮಿಯ ನೆತ್ತಿಯ ಮೇಲೆ ನೀರು! ಬಯಲುಸೀಮೆ ಅವರೇ, ಅದಕ್ಕಾಗಿ ಎಷ್ಟು ದೂರವಾದರೂ ಹೋಗುತ್ತೇನೆ.

ಬಯಲುಸೀಮೆ
ಹಾಗಾದರೆ ಹೋಗಿಬನ್ನಿ ತಾಯಿ, ಒಳ್ಳೆಯದಾಗಲಿ.

ಹಳೆಯ ನಕ್ಷೆ
ಎತ್ತರದ ಮಾತು ಬಂದದ್ದರಿಂದ: 1950ರ ದಶಕದಲ್ಲಿ ಓಹೋಸ್ ಅಕಾಂಕಾಗುವಾಕ್ಕಿಂತ ಎತ್ತರ, ಏಳು ಸಾವಿರ ದಾಟುತ್ತದೆ ಎಂಬ ವಾದ ಜೋರಾಗಿತ್ತು. ಅಳತೆ ಮಾಡಿ ನೋಡಿದಾಗ ಆ ವಾದ ಬಿದ್ದುಹೋಯಿತು. ಈಗ ಅಕಾಂಕಾಗುವಾ 6961, ಇದು 6893. ಮೊದಲು ಹತ್ತಿದವರು ಪೋಲೆಂಡಿನ ಯಾನ್ ಶ್ಚೆಪಾನ್ಸ್ಕಿ ಮತ್ತು ಯುಸ್ಟಿನ್ ವೊಯ್ಶ್ನಿಸ್, 1937ರ ಫೆಬ್ರುವರಿ 26ರಂದು. ಆಗ ಜೀಪ್ ದಾರಿ ಎಲ್ಲಿತ್ತು?

ಮೈಸೂರು ಓಟ
ಈಗ ಕಾರುಗಳೇ ಹತ್ತುತ್ತವೆ. 2023ರಲ್ಲಿ ಒಂದು ಪೋರ್ಷೆ ಇದೇ ಪರ್ವತದಲ್ಲಿ 6734 ಮೀಟರ್ ತನಕ ಹೋಗಿದೆ.

ಕುಮಾರಪರ್ವತ
ಅದನ್ನು ಓದಿ ಸಂತೋಷವೇನೂ ಆಗಲಿಲ್ಲ. ಪರ್ವತದ ಮೈಮೇಲೆ ಚಕ್ರದ ಗುರುತು ಬಿಟ್ಟು ಬರುವುದರಲ್ಲಿ ಏನು ಹೆಚ್ಚುಗಾರಿಕೆ? ಆ ಒಣ ನೆಲದಲ್ಲಿ ಒಮ್ಮೆ ಬಿದ್ದ ಗುರುತು ಬೇಗ ಅಳಿಯುವುದೂ ಇಲ್ಲ.

ಚಾರಣಿ_ಶಿರಸಿ
ಕೊಪಿಯಾಪೊ ಎಂಬ ಹೆಸರು ಎಲ್ಲಿಯೋ ಕೇಳಿದಂತಿದೆಯಲ್ಲ?

ಹಳೆಯ ನಕ್ಷೆ
2010ರಲ್ಲಿ ಗಣಿ ಕುಸಿದು 33 ಕಾರ್ಮಿಕರು ನೆಲದಡಿಯಲ್ಲಿ 69 ದಿನ ಸಿಕ್ಕಿಕೊಂಡು, ಕೊನೆಗೆ ಎಲ್ಲರೂ ಬದುಕಿ ಬಂದರಲ್ಲ, ಆ ಸಾನ್ ಹೊಸೆ ಗಣಿ ಇರುವುದು ಕೊಪಿಯಾಪೊ ಹತ್ತಿರವೇ.

ಗಡಿ ದಾಟಿದವನು
ವಿಷಯಕ್ಕೆ ಮರಳೋಣ. ಯಾರೂ ಹೇಳದ, ಆದರೆ ಭಾರತದಿಂದ ಹೊರಡುವವರಿಗೆ ಬಹಳ ಮುಖ್ಯವಾದ ಮಾತೊಂದಿದೆ. ಮೇಲೆ ಮೊಬೈಲ್ ಸಿಗ್ನಲ್ ಇಲ್ಲ, ಉಪಗ್ರಹ ಸಂದೇಶ ಸಾಧನ ಬೇಕು. ಆದರೆ ಅದನ್ನು ಇಲ್ಲಿಂದ ಒಯ್ಯಬೇಡಿ! ಸರ್ಕಾರದ ಅನುಮತಿಯಿಲ್ಲದೆ ಉಪಗ್ರಹ ಫೋನ್, ಗಾರ್ಮಿನ್ ಇನ್‌ರೀಚ್‌ನಂತಹ ಸಾಧನ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನಲ್ಲಿ ಸಿಕ್ಕು ಬಂಧನವಾದವರಿದ್ದಾರೆ. ಚಿಲಿಯಲ್ಲಿಯೇ ಬಾಡಿಗೆಗೆ ಪಡೆದು, ಅಲ್ಲಿಯೇ ಹಿಂದಿರುಗಿಸಿ ಬನ್ನಿ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ತರುವುದೂ ಬೇಡ.

ಇನ್ನೊಂದು, ಅನುಮತಿಪತ್ರ. ಓಹೋಸ್‌ನಂತಹ ಗಡಿಯ ಪರ್ವತಗಳನ್ನು ಹತ್ತುವ ವಿದೇಶಿಯರು ಚಿಲಿಯ ಗಡಿ ಇಲಾಖೆಯಿಂದ ಪತ್ರ ಪಡೆಯಬೇಕು. ಆ ಇಲಾಖೆಯನ್ನು ಡಿಫ್ರೋಲ್ ಎಂದು ಕರೆಯುತ್ತಾರೆ. ಅರ್ಜಿ ಆನ್‌ಲೈನ್, ಶುಲ್ಕವಿಲ್ಲ. ಮುದ್ರಿಸಿದ ಪ್ರತಿಗಳನ್ನು ಕೈಯಲ್ಲಿಟ್ಟುಕೊಳ್ಳಿ. ವಿಮೆಯ ಕಾಗದವನ್ನು ಸಣ್ಣ ಅಕ್ಷರದವರೆಗೂ ಓದಿ, 6000 ಮೀಟರಿನ ಮೇಲೆ ನಡೆದದ್ದಕ್ಕೆ ಹಣ ಕೊಡದ ಪಾಲಿಸಿಗಳು ಬೇಕಾದಷ್ಟಿವೆ.

ತುಂಗಾತೀರ
ಇದು ನಮಗೆ ಗೊತ್ತೇ ಇರಲಿಲ್ಲ. ಒಬ್ಬ ಗೆಳೆಯ ಅಮೆರಿಕದಿಂದ ಆ ಸಾಧನ ತರಿಸುವವನಿದ್ದ, ಈಗಲೇ ಫೋನ್ ಮಾಡಿ ಬೇಡವೆಂದು ಹೇಳಿದೆ. ಬಹಳ ಉಪಕಾರವಾಯಿತು.

ಸಾಂತಿಯಾಗೊ ವಾಸಿ
ಮಾರ್ಗದರ್ಶಿಯ ಪ್ರಶ್ನೆ ಉಳಿದಿದೆ. ದಾರಿ ಹುಡುಕುವುದು ಕಷ್ಟವಲ್ಲ. ತೇಹೋಸ್‌ನಿಂದ ಶಿಖರಕ್ಕೆ ಸಾವಿರ ಮೀಟರಿಗೆ ಸ್ವಲ್ಪ ಹೆಚ್ಚು ಏರು, ಹೆಚ್ಚಿನ ಭಾಗ ಜಾರುವ ಜಲ್ಲಿ. ಮೇಲ್ಗಡೆ ಒಂದು ಹಿಮದ ಇಳಿಜಾರನ್ನು ಅಡ್ಡಲಾಗಿ ದಾಟಬೇಕು. ಅಲ್ಲಿ ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳು), ಐಸ್ ಆಕ್ಸ್ (ಹಿಮಗೊಡಲಿ) ಬೇಕು. ಕೆಲವು ವರ್ಷ ಅದು ಗಟ್ಟಿ ಮಂಜುಗಡ್ಡೆಯಾಗಿರುತ್ತದೆ. ಆಮೇಲೆ ಕುಂಡದ ಅಂಚು, ಅದರ ಮೇಲೆ ಕೊನೆಯ ಬಂಡೆಯ ಏರು. ಚಿಕ್ಕದು, ಆದರೆ ಕೈಯೂರಿ ಹತ್ತಬೇಕು, ಬಿದ್ದರೆ ದೊಡ್ಡ ಪೆಟ್ಟು. ಅಲ್ಲಿ ಹಳೆಯ ಹಗ್ಗಗಳು ನೇತಾಡುತ್ತಿರುತ್ತವೆ. ವರ್ಷಗಟ್ಟಲೆ ಬಿಸಿಲು ತಿಂದ ಹಗ್ಗಕ್ಕೆ ಜೀವ ಒಪ್ಪಿಸಬೇಡಿ, ನಿಮ್ಮದೇ ಹಗ್ಗ ಇರಲಿ. ಬಂಡೆಯ ಬುಡದಲ್ಲಿ ಗಾಳಿ ಜೋರಿದ್ದರೆ ಅಲ್ಲಿಂದಲೇ ತಿರುಗಿ.

ನನ್ನ ಅಭಿಪ್ರಾಯ: ಮಾರ್ಗದರ್ಶಿ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಗಾಡಿ ಮತ್ತು ಆ ದಾರಿ ಬಲ್ಲ ಚಾಲಕ ಬೇಕೇ ಬೇಕು. ಆಸ್ಪತ್ರೆ ಇರುವುದು ಕೊಪಿಯಾಪೊದಲ್ಲಿ, ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ನೀವು ಮೇಲಿರುವಾಗ ಗಾಡಿ ಕೆಳಗೆ ಹೋಗಿ ಎರಡು ದಿನ ಬಿಟ್ಟು ಬರುತ್ತದೆ ಎಂಬ ಒಪ್ಪಂದಕ್ಕೆ ಒಪ್ಪಬೇಡಿ. ಪೆಟ್ರೋಲ್ ಕೊಪಿಯಾಪೊ ಬಿಟ್ಟರೆ ಸಿಗುವುದಿಲ್ಲ, ಮರಳಿ ಬರುವಷ್ಟು ಕ್ಯಾನುಗಳಲ್ಲಿ ತುಂಬಿಕೊಳ್ಳಿ. ಕುಡಿಯುವ ನೀರನ್ನೂ ಅಲ್ಲಿಂದಲೇ ಒಯ್ಯಬೇಕು. ಲಗೂನಾ ವೆರ್ದೆ ನೋಡಲು ಹಸಿರು ರತ್ನ, ನೀರು ಮಾತ್ರ ಉಪ್ಪು.

ಡಾಕ್ಟರಮ್ಮ
ಗಾಡಿಯ ವಿಷಯದಲ್ಲಿ ಇವರು ಹೇಳಿದ್ದಕ್ಕೆ ನನ್ನ ಪೂರ್ಣ ಬೆಂಬಲ. ಬೇಗ ಮೇಲೇರಿಸಿ ಕಾಯಿಲೆ ತರುವ ಅದೇ ಗಾಡಿ, ಕಾಯಿಲೆ ಬಂದಾಗ ಒಂದು ಗಂಟೆಯಲ್ಲಿ ಸಾವಿರ ಮೀಟರ್ ಕೆಳಗಿಳಿಸುವ ಔಷಧವೂ ಹೌದು.

ಮೈಸೂರು ಓಟ
ಡಾಕ್ಟರಮ್ಮ, ಸಾಂತಿಯಾಗೊ ವಾಸಿ, ನಿಮ್ಮ ಮಾತುಗಳನ್ನು ಓದಿ ಎಂಟು ದಿನದ ವಾದವನ್ನು ಬಿಟ್ಟಿದ್ದೇನೆ. ಆದರೂ ಒಂದು ಪ್ರಶ್ನೆ. ರಜೆಯೇ ಇಲ್ಲದವರು ಏನು ಮಾಡಬೇಕು? ಎಲ್ಲರಿಗೂ ಮೂರು ವಾರ ಸಿಗುವುದಿಲ್ಲ.

ಕಲ್ಲುಗುಡ್ಡ
ರಜೆ ಎಷ್ಟಿದೆಯೋ ಅದಕ್ಕೆ ತಕ್ಕ ಪರ್ವತ ಆರಿಸಬೇಕು. ಹತ್ತು ದಿನವಿದ್ದರೆ ಸೆರ್ರೊ ಸಾನ್ ಫ್ರಾನ್ಸಿಸ್ಕೊ ಒಂದನ್ನೇ ಹತ್ತಿ ಬನ್ನಿ. ಅದೂ ಆರು ಸಾವಿರವೇ.

ತುಂಗಾತೀರ
ನಿನ್ನೆ ರಾತ್ರಿ ನಾಲ್ವರೂ ಕುಳಿತು ಎಲ್ಲವನ್ನೂ ಓದಿದೆವು. ಜನವರಿಯ ಬದಲು ಫೆಬ್ರುವರಿ ಎರಡನೆಯ ವಾರಕ್ಕೆ ಮುಂದೂಡಿದ್ದೇವೆ, ಆಗ ಇನ್ನೊಂದು ವಾರ ರಜೆ ಕೂಡುತ್ತದೆ. ಸಾಂತಾ ರೋಸಾದಲ್ಲಿ ಮೂರು ರಾತ್ರಿ, ಲಗೂನಾ ವೆರ್ದೆಯಲ್ಲಿ ನಾಲ್ಕು, ನಡುವೆ ಸಾನ್ ಫ್ರಾನ್ಸಿಸ್ಕೊ. ಅಟಕಾಮಾಕ್ಕೆ ಮೊದಲು ಹಗಲಿನಲ್ಲಿ ಹೋಗಿ ಸಾಮಾನು ಇಟ್ಟು ಬಂದು, ಆಮೇಲೆ ಮೂರು ರಾತ್ರಿ. ತೇಹೋಸ್‌ನಲ್ಲಿ ಒಂದೇ ರಾತ್ರಿ. ಗಾಳಿಗಾಗಿ ನಾಲ್ಕು ದಿನ ಖಾಲಿ. ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ತಿರುಗುವುದು, ಯಾರೊಬ್ಬರು ಬೇಡವೆಂದರೂ ಚರ್ಚೆಯಿಲ್ಲದೆ ಎಲ್ಲರೂ ಇಳಿಯುವುದು ಎಂದು ಒಪ್ಪಿಕೊಂಡಿದ್ದೇವೆ. ಹೇಗಿದೆ?

ಸಾಂತಿಯಾಗೊ ವಾಸಿ
ಈಗ ಇದು ಯೋಜನೆಯಾಯಿತು. ತಿರುಗುವ ಹೊತ್ತನ್ನು ಚಾಲಕನಿಗೂ ತಿಳಿಸಿರಿ. ನೀವು ಇಷ್ಟು ಗಂಟೆಗೆ ಕಾಣದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬುದು ಅವನ ಕೈಯಲ್ಲಿ ಬರೆದುಕೊಟ್ಟಿರಬೇಕು, ಸ್ಪ್ಯಾನಿಷ್ ಭಾಷೆಯಲ್ಲಿ. ಆ ಪತ್ರವನ್ನು ನಾನು ಬರೆದುಕೊಡುತ್ತೇನೆ, ಖಾಸಗಿ ಸಂದೇಶ ಕಳಿಸಿ.

ಮಾರುತ
ಹೊರಡುವ ಎರಡು ವಾರ ಮೊದಲು ಇಲ್ಲಿಯೇ ಒಂದು ಸಾಲು ಬರೆಯಿರಿ. ದಿನವೂ 500ರ ನಕ್ಷೆ ನೋಡಿ ಗಾಳಿ ಹೇಗೆ ಬದಲಾಗುತ್ತಿದೆ ಎಂದು ಹೇಳುತ್ತಾ ಹೋಗುತ್ತೇನೆ.

ಕಪ್ಪುಶಿಲೆ
ಖಂಡಿತ ಬರೆಯುತ್ತೇವೆ. ಕೊನೆಯ ಪ್ರಶ್ನೆ: ಎರಡು ಪದರದ ಬೂಟು ನಮ್ಮಲ್ಲಿ ಇಬ್ಬರ ಬಳಿ ಇಲ್ಲ. ಇಲ್ಲಿಂದ ಕೊಂಡು ಒಯ್ಯುವುದೋ, ಸಾಂತಿಯಾಗೊದಲ್ಲಿ ಬಾಡಿಗೆಗೆ ಪಡೆಯುವುದೋ? ನನ್ನ ಪಾದ ಬಹಳ ಚಿಕ್ಕದು.

ಕಲ್ಲುಗುಡ್ಡ
ಪಾದ ಚಿಕ್ಕದಾದರೆ ಬಾಡಿಗೆಯನ್ನು ನಂಬಬೇಡಿ, ಅಳತೆ ಸಿಗದಿದ್ದರೆ ಅಲ್ಲಿಗೇ ಪ್ರವಾಸ ಮುಗಿಯಿತು. ಕೊಳ್ಳಿ. ಕೊಳ್ಳುವಾಗ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ನೋಡಿ, ಬೆರಳುಗಳು ಒಳಗೆ ಸರಾಗವಾಗಿ ಆಡಬೇಕು. ಆಮೇಲೆ ಕ್ರ್ಯಾಂಪಾನ್ ಅದಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ಮನೆಯಲ್ಲಿಯೇ ಜೋಡಿಸಿ ಪರೀಕ್ಷಿಸಿ. ವಿಮಾನದಲ್ಲಿ ಬೂಟನ್ನು ಕೈಚೀಲದಲ್ಲಿಟ್ಟುಕೊಳ್ಳಿ ಅಥವಾ ಕಾಲಿಗೇ ಹಾಕಿಕೊಂಡು ಹೋಗಿ. ಲಗೇಜ್ ಕಳೆದರೆ ಜಾಕೆಟ್ ಹೇಗೋ ಸಿಗುತ್ತದೆ, ಅಳತೆಯ ಬೂಟು ಸಿಗುವುದಿಲ್ಲ.

ಕಪ್ಪುಶಿಲೆ
ಸರಿ, ಈ ಶನಿವಾರವೇ ಅಂಗಡಿಗೆ ಹೋಗುತ್ತೇವೆ.